ಶಾರ್ಜಾದಿಂದ ಬಂದ ಜೋಡಿ ವಾಲ್ವ್

ಆ ಬಿಳಿ ವಿಮಾನ ಕೆರ್ಮಾನಿನ ನಮ್ಮ ನಿಲ್ದಾಣದಲ್ಲಿ ಇಳಿದು ಅಂದಿಗೆ ಹತ್ತೊಂಬತ್ತು ದಿನವಾಗಿತ್ತು. ದುಬೈನಿಂದ ಯೂರೋಪಿಗೆ ಹೊರಟದ್ದು, ನಮ್ಮ ನೆತ್ತಿಯ ಮೇಲೆ ಹಾದುಹೋಗುವಾಗ ಎಡಗಡೆಯ ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಕುಸಿದು ಕೆಳಗಿಳಿಯಿತು. ಪ್ರಯಾಣಿಕರನ್ನು ಮರುದಿನವೇ ಇನ್ನೊಂದು ವಿಮಾನ ಬಂದು ಕರೆದೊಯ್ದಿತು. ವಿಮಾನ ಉಳಿಯಿತು, ಅದನ್ನು ನೋಡಿಕೊಳ್ಳಲು ಟೋರ್ಬೆನ್ ಎಂಬ ಇಂಜಿನಿಯರ್ ಉಳಿದ. ಬೇಕಾಗಿದ್ದದ್ದು ಮುಷ್ಟಿಗಾತ್ರದ ಒಂದು ವಾಲ್ವ್. ಅವರ ಕಂಪನಿಯ ಗೋದಾಮಿನಲ್ಲಿ ಅಂಥವು ಬೇಕಾದಷ್ಟಿದ್ದವಂತೆ. ಆದರೆ ಇರಾನಿಗೆ ವಿಮಾನದ ಒಂದು ತಿರುಪು ಕಳಿಸಬೇಕಾದರೂ ಅಮೆರಿಕದ ಕಚೇರಿಯೊಂದರ ಅಪ್ಪಣೆ ಬೇಕು. ತಮ್ಮ ವಿಮಾನಕ್ಕೆ ತಾವೇ ಕಳಿಸಿಕೊಳ್ಳುವುದಾದರೂ ಬೇಕು. ಅರ್ಜಿ ಹೋಗಿತ್ತು, ಉತ್ತರ ಬಂದಿರಲಿಲ್ಲ. ಸುಳ್ಳೇಕೆ ಹೇಳಲಿ, ಮೊದಲ ವಾರ ನನಗೆ ಒಳಗೊಳಗೇ ಖುಷಿಯಾಗಿತ್ತು. ಅಮೆರಿಕದ ನಿರ್ಬಂಧದಿಂದ ನಲವತ್ತು ವರ್ಷ ನಾವು ಉಂಡದ್ದನ್ನು ಅವರೂ ಒಂದು ತುತ್ತು ಉಣ್ಣಲಿ ಎನಿಸಿತ್ತು.

ನಾನು ತೂರಾನ್. ಮೂರು ಹಳೆಯ ವಿಮಾನಗಳಿರುವ ಒಂದು ಸಣ್ಣ ಕಂಪನಿಯ ಬಿಡಿಭಾಗಗಳ ಉಗ್ರಾಣ ನನ್ನ ಕೈಯಲ್ಲಿದೆ. ಯಾವ ಕಪಾಟಿನಲ್ಲಿ ಏನಿದೆ, ಯಾವುದು ಯಾವ ವಿಮಾನಕ್ಕೆ ಹೋಯಿತು ಎಂಬುದನ್ನು ಇಪ್ಪತ್ತೆರಡು ವರ್ಷದಿಂದ ನಾನೇ ಬರೆದಿಡುತ್ತೇನೆ. 'ಎಲ್ಲಿಂದ ಬಂತು' ಎಂಬ ಮನೆಯಲ್ಲಿ 'ಹಳೆಯ ದಾಸ್ತಾನು' ಎಂದು ಬರೆಯುತ್ತೇನೆ. ನಮ್ಮ ದಾಸ್ತಾನು ಅಕ್ಷಯಪಾತ್ರೆ. ಎಷ್ಟು ತೆಗೆದರೂ ಮುಗಿಯುವುದಿಲ್ಲ, ವರ್ಷಕ್ಕೆರಡು ಸಲ ತಾನಾಗಿಯೇ ತುಂಬುತ್ತದೆ.

ತುಂಬುತ್ತಿದ್ದವನು ನನ್ನ ತಮ್ಮ ಕಾಮ್ಯಾರ್. ಶಾರ್ಜಾದಲ್ಲಿ ಅವನಿಗೆ ಮಕ್ಕಳ ಬಟ್ಟೆಯ ಅಂಗಡಿ. ಅವನ ಸೂಟ್‌ಕೇಸುಗಳಲ್ಲಿ ಮೇಲೆ ಪುಟ್ಟ ಅಂಗಿ, ಕಾಲುಚೀಲ. ಅಡಿಯಲ್ಲಿ ಬೇರಿಂಗು, ಸೀಲು, ವಾಲ್ವು. ಇದು ನನಗೆ ಗೊತ್ತು, ಮುಖ್ಯ ಇಂಜಿನಿಯರಿಗೆ ಗೊತ್ತು, ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅಮ್ಮ ತೀರಿಕೊಂಡಾಗ ಅವನಿಗೆ ಮೂರು ವರ್ಷ, ನನಗೆ ಇಪ್ಪತ್ತು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದು ಕಳಿಸಿ ಅವನನ್ನು ಸಾಕಿದೆ. ಇದನ್ನು ತ್ಯಾಗ ಎಂದು ಹೇಳುತ್ತಿಲ್ಲ. ಬಂದ ಗಂಡುಗಳೂ ಅಂಥವೇ ಇದ್ದವು.

ಕಳೆದ ವರ್ಷ ಇದೇ ಕಸುಬಿನ ಒಬ್ಬನನ್ನು ಹೊರದೇಶದ ನಿಲ್ದಾಣವೊಂದರಲ್ಲಿ ಹಿಡಿದು, ಕೈಗೆ ಕೋಳ ತೊಡಿಸಿ ಅಮೆರಿಕಕ್ಕೆ ಒಯ್ದರು. ಅವನು ಮಾರಿದ್ದ ಒಂದೇ ಒಂದು ಭಾಗದ ನಂಬರು ಹಿಡಿದು ಅವನವರೆಗೆ ಬಂದಿದ್ದರು. ಅವನ ಹೆಂಡತಿ ನಮ್ಮ ಬೀದಿಯವಳು. ಬೇಕರಿಯ ಸಾಲಿನಲ್ಲಿ ರೊಟ್ಟಿಗೆ ನಿಂತಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರುವುದಿಲ್ಲ.

ಟೋರ್ಬೆನ್ ಕೆಟ್ಟವನಲ್ಲ. ಉದ್ದನೆಯ, ಸಾಧು ಮನುಷ್ಯ. ಹೋಟೆಲಿನ ಊಟ ಸೇರುವುದಿಲ್ಲವೆಂದು ಮಧ್ಯಾಹ್ನ ನಮ್ಮ ವರ್ಕ್‌ಶಾಪಿನಲ್ಲೇ ಉಣ್ಣುತ್ತಿದ್ದ. ನಮ್ಮ ಮೆಕ್ಯಾನಿಕ್ ಹೊಜ್ಜತ್ ಅವನಿಗೆ ಆಬ್‌ಗೂಶ್ತ್ ಸಾರಿನ ಮಾಂಸವನ್ನು ಕುಟ್ಟಿ ರೊಟ್ಟಿಯಲ್ಲಿ ಸುತ್ತಿಕೊಳ್ಳುವುದನ್ನು ಕಲಿಸಿದ್ದ. ಜೊತೆಗೆ ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದ.

"ನೋಡಪ್ಪ, ನಮ್ಮಲ್ಲಿ ಯಾರಾದ್ರೂ ಏನಾದ್ರೂ ಕೊಟ್ರೆ ಎರಡು ಸಲ ಬೇಡ ಅನ್ನು. ಮೂರನೇ ಸಲ ಕೊಟ್ರೆ ಮಾತ್ರ ತಗೋ. ಮೊದಲನೇ ಸಲಕ್ಕೇ ತಗೊಂಡ್ರೆ ನಿನ್ನ ಹೊಟ್ಟೆಬಾಕ ಅಂತಾರೆ."

ಪಾಪ, ಅವನು ಅದನ್ನು ಮಗ್ಗಿಯ ಹಾಗೆ ಕಲಿತುಬಿಟ್ಟ. ಚಹಾ ಕೊಟ್ಟರೂ ಬೆರಳು ಮಡಿಸಿ ಎಣಿಸುತ್ತಿದ್ದ.

ಅಂದು ಬುಧವಾರ. ಊಟಕ್ಕೆ ನಮ್ಮ ಮುಖ್ಯ ಇಂಜಿನಿಯರ್ ರಾಯೆನಿಯವರೂ ಬಂದು ಕೂತರು. ಅವರನ್ನು ನಾವೆಲ್ಲ ಮೊಹಂದೆಸ್, ಅಂದರೆ ಇಂಜಿನಿಯರ್ ಸಾಹೇಬರು, ಎಂದೇ ಕರೆಯುವುದು; ನನ್ನನ್ನು ಅವರೆಲ್ಲ ಖಾನುಂ, ಅಂದರೆ ಅಮ್ಮಾವರು, ಎನ್ನುವುದು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು, ಆದರೆ ಅಭಿಮಾನ ಒಂದು ಹಿಡಿ ಜಾಸ್ತಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು ಎನ್ನುವ ಜಾತಿ. ಟೋರ್ಬೆನ್ ಬೆಳಿಗ್ಗೆಯೇ ತನ್ನ ಕಂಪನಿಯಿಂದ ಇನ್ನೂ ಎರಡು ವಾರ ಕಾಯಬೇಕೆಂಬ ಸುದ್ದಿ ಕೇಳಿ ಕುಗ್ಗಿಹೋಗಿದ್ದ.

"ನೀವು ಇಷ್ಟು ಚೆನ್ನಾಗಿ ನೋಡ್ಕೊಳ್ತಿದೀರಿ," ಎಂದ. "ನಿಮ್ಮ ಕೈಲಾಗಿದ್ರೆ ಆ ವಾಲ್ವನ್ನೂ ಕೊಡ್ತಿದ್ರಿ ಅಂತ ಗೊತ್ತು. ಆದ್ರೆ ಅದು ಈ ದೇಶದಲ್ಲಿ ಎಲ್ಲೂ ಇರೋಕೆ ಸಾಧ್ಯ ಇಲ್ಲ. ನಿಮ್ಮದೇನು ತಪ್ಪಿಲ್ಲ, ಪಾಪ."

ಆ ಕೊನೆಯ ಮಾತು ಬೇಡವಾಗಿತ್ತು. ಮೊಹಂದೆಸ್ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು.

"ತೂರಾನ್ ಖಾನುಂ, ಒಳಗೆ ಮೂರನೇ ಕಪಾಟಲ್ಲಿ ಇರೋದನ್ನ ತಗೊಂಡು ಬನ್ನಿ."

ನಾನು ಏಳಲಿಲ್ಲ. "ಕೀಲಿ ಮನೇಲೇ ಮರೆತು ಬಂದಿದೀನಿ, ಮೊಹಂದೆಸ್."

"ಕೊರಳಲ್ಲೇ ನೇತಾಡ್ತಿದೆಯಲ್ಲ, ಖಾನುಂ," ಎಂದ ಹೊಜ್ಜತ್. ಆ ಕ್ಷಣಕ್ಕೆ ಅವನ ನಾಲಿಗೆ ಸೇದಿಹೋಗಬಾರದೆ ಎನಿಸಿತು.

ತಂದುಕೊಟ್ಟೆ. ಕಾಮ್ಯಾರ್ ಮೂರು ತಿಂಗಳ ಹಿಂದೆ, ಮೆಹ್ರ್ ತಿಂಗಳಲ್ಲಿ, ತಂದ ಜೋಡಿಯಲ್ಲಿ ಒಂದು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೊಹಂದೆಸ್ ಅದನ್ನು ಟೋರ್ಬೆನ್ನನ ಎದುರಿಗೆ, ರೊಟ್ಟಿಯ ಬಟ್ಟೆಯ ಮೇಲೆ ಇಟ್ಟರು.

"ಇದೇ ತಾನೆ? ಇದರ ಜೋಡಿ ಎರಡು ತಿಂಗಳಿಂದ ನಮ್ಮ ವಿಮಾನದಲ್ಲಿ ಹಾರಾಡ್ತಿದೆ. ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ. ತಗೊಳ್ಳಿ, ನಿಮ್ಮದೇ ಅಂದ್ಕೊಳ್ಳಿ."

"ಬೇಡ, ಬೇಡ. ಇದು ತುಂಬ ದೊಡ್ಡದಾಯ್ತು," ಎಂದ ಟೋರ್ಬೆನ್. ಒಂದು ಬೆರಳು ಮಡಚಿದ.

"ಏನು ಮಹಾ. ನಿಮ್ಮ ಮುಂದೆ ಇದೇನೂ ಅಲ್ಲ."

"ನಾನು ಹೇಗೆ ತಗೊಳ್ಳಲಿ?" ಎರಡನೆಯ ಬೆರಳು.

ಮೊಹಂದೆಸ್ ಅಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮವರು ಯಾರಾದರೂ ಆಗಿದ್ದರೆ ವಾಲ್ವನ್ನು ಹಣೆಗೊತ್ತಿಕೊಂಡು, ಹೊಗಳಿ ಹಿಂದಕ್ಕೆ ಕೊಡುತ್ತಿದ್ದರು. ಇಬ್ಬರ ಮಾನವೂ ಉಳಿಯುತ್ತಿತ್ತು. ಆದರೆ ಕೊಡುವವನ ಬಾಯಿಗೆ ಮೂರನೆಯದು ತಾನಾಗಿ ಬರುತ್ತದೆ, ಹುಟ್ಟಿದಂದಿನಿಂದ ಬಂದ ಚಟ ಅದು.

"ತಗೊಳ್ಳದೆ ಇದ್ರೆ ನನಗೆ ಬೇಜಾರಾಗುತ್ತೆ."

"ಹಾಗಾದ್ರೆ ತುಂಬ ಥ್ಯಾಂಕ್ಸ್," ಎಂದು ಟೋರ್ಬೆನ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಆದ್ರೆ ಕಂಪನಿಯನ್ನ ಕೇಳದೆ ಹಾಕೋ ಹಾಗಿಲ್ಲ. ನಂಬರ್ ಕಳಿಸಿ ಕೇಳ್ತೀನಿ."

ಫೋನು ತೆಗೆದು, ವಾಲ್ವಿನ ಹೊಟ್ಟೆಯಲ್ಲಿ ಕೆತ್ತಿದ್ದ ನಂಬರಿನ ಫೋಟೋ ಹೊಡೆದ. ಅಷ್ಟು ಹೊತ್ತಿಗೆ ಮೊಹಂದೆಸ್‌ಗೆ ತಾವು ಮಾಡಿದ್ದು ಅರಿವಾಗಿತ್ತು. ಆದರೆ ಕೊಟ್ಟ ವಸ್ತುವನ್ನು ವಾಪಸು ಕೇಳುವುದು ಹೇಗೆ? ಅದಕ್ಕಿಂತ ಸಾಯುವುದು ಮೇಲು ಎನ್ನುವವರು ಅವರು. ಟೋರ್ಬೆನ್ ವಾಲ್ವನ್ನು ಮಗುವಿನ ಹಾಗೆ ಎದೆಗವುಚಿಕೊಂಡು ತನ್ನ ವಿಮಾನದ ಕಡೆಗೆ ಹೋದ. ನಾವು ಮೂವರೂ ತಣ್ಣಗಾಗುತ್ತಿದ್ದ ಸಾರನ್ನು ನೋಡುತ್ತ ಕೂತೆವು.

"ಖಾನುಂ," ಎಂದರು ಮೊಹಂದೆಸ್, ನನ್ನ ಕಡೆ ನೋಡದೆ. "ನನ್ನಿಂದ ತಪ್ಪಾಯ್ತು."

"ತಪ್ಪಾದದ್ದು ನಿಮ್ಮಿಂದ, ಕೋಳ ಬೀಳೋದು ನನ್ನ ತಮ್ಮನ ಕೈಗೆ," ಎಂದೆ. ಅವರೊಂದಿಗೆ ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮಾತಾಡಿರಲಿಲ್ಲ.

ಎದ್ದು ಹೊರಟೆ. ದೆಯ್ ತಿಂಗಳ ಚಳಿಗಾಳಿ ಮರುಭೂಮಿಯ ಧೂಳನ್ನು ಹೊತ್ತು ಬೀಸುತ್ತಿತ್ತು. ಚಾದರವನ್ನು ಹಲ್ಲಲ್ಲಿ ಕಚ್ಚಿಕೊಂಡು ಅಷ್ಟು ದೂರ ಓಡಿದೆ, ಈ ವಯಸ್ಸಿನಲ್ಲಿ. ನಮ್ಮ ನಿಲ್ದಾಣದಲ್ಲಿ ಇಂಟರ್ನೆಟ್ಟು ಕುಂಟುತ್ತದೆ, ಫೋಟೋ ಹೋಗಲು ಐದು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಜೀವಮಾನದಲ್ಲಿ ಮೊದಲ ಸಲ ಅದರ ಕುಂಟುತನಕ್ಕೆ ದೇವರನ್ನು ನೆನೆದೆ.

ಟೋರ್ಬೆನ್ ವಿಮಾನದ ಸರಕು ತುಂಬುವ ಜಾಗದಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಫೋನು. ಫೋನಿನ ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು.

"ಹೋಯ್ತಾ?" ಎಂದು ಕೇಳಿದೆ.

"ಇನ್ನೂ ಇಲ್ಲ."

"ನಿಲ್ಲಿಸಿ. ಮೊದಲು ನಿಲ್ಲಿಸಿ, ಆಮೇಲೆ ಯಾಕೆ ಅಂತ ಹೇಳ್ತೀನಿ."

ನನ್ನ ಮುಖದಲ್ಲಿ ಏನು ಕಂಡನೋ, ಬೆರಳಿಟ್ಟು ನಿಲ್ಲಿಸಿದ. ನಾನು ಎಲ್ಲವನ್ನೂ ಹೇಳಿದೆ. ಇಪ್ಪತ್ತೆರಡು ವರ್ಷ ಬಚ್ಚಿಟ್ಟದ್ದನ್ನು ಹತ್ತೊಂಬತ್ತು ದಿನದ ಪರಿಚಯದವನ ಮುಂದೆ ಬಿಚ್ಚಿಟ್ಟೆ: ಶಾರ್ಜಾ, ಸೂಟ್‌ಕೇಸು, ಪುಟ್ಟ ಅಂಗಿಗಳು, ನಮ್ಮ ಬೀದಿಯ ಆ ಹೆಂಗಸು. ಬೇರೆ ದಾರಿ ಇರಲಿಲ್ಲ.

"ನನ್ನ ಕೈಗೆ ಬಂದ ಪ್ರತಿಯೊಂದು ನಂಬರನ್ನೂ ಕಂಪನಿಗೆ ತಿಳಿಸಬೇಕು," ಎಂದ ಅವನು ನಿಧಾನವಾಗಿ. "ಅದು ನಿಯಮ. ಮುಚ್ಚಿಟ್ರೆ ನನ್ನ ಲೈಸೆನ್ಸು ಹೋಗುತ್ತೆ."

"ನನಗೆ ನಿಮ್ಮ ನಿಯಮ ಗೊತ್ತಿಲ್ಲ. ಹತ್ತೊಂಬತ್ತು ದಿನ ನಮ್ಮ ಉಪ್ಪು ತಿಂದಿದೀರಿ. ಉಪ್ಪುಂಡ ಮನೆಗೆ ಎರಡು ಬಗೆಯೋರನ್ನ ನಾವು ಮನುಷ್ಯರ ಸಾಲಿಗೆ ಸೇರಿಸೋದಿಲ್ಲ. ನಮಗಿರೋ ನಿಯಮ ಅದೊಂದೇ."

ಹಾಗೆ ಕೇಳುವುದು ನ್ಯಾಯವಲ್ಲ. ಗೊತ್ತಿದ್ದೇ ಕೇಳಿದೆ. ಅವನು ಫೋನನ್ನು ನನ್ನ ಕಡೆ ತಿರುಗಿಸಿ, ನಾನು ನೋಡುತ್ತಿರುವಂತೆಯೇ ಫೋಟೋ ಅಳಿಸಿದ. ಅಳಿಸಿದ್ದನ್ನು ಇಡುವ ಜಾಗದಿಂದಲೂ ಅಳಿಸಿದ. ನಾನು ಅಲ್ಲೇ ನೆಲದ ಮೇಲೆ ಕೂತೆ. ಅಳು ಬಂತು, ಅತ್ತೆ.

"ಖಾನುಂ," ಎಂದ ಟೋರ್ಬೆನ್. ಹೊಜ್ಜತ್‌ನ ಬಾಯಿಂದ ಕಲಿತದ್ದು. "ಉಪ್ಪಿನ ಮಾತು ಎರಡೂ ಕಡೆಗೆ ಅನ್ವಯಿಸುತ್ತಾ?"

"ಅಂದ್ರೆ?"

"ಹಾಗಿದ್ರೆ ನಾನೂ ನಿಮಗೆ ಒಂದು ವಿಷಯ ಹೇಳಲೇಬೇಕು."

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಉದ್ದನೆಯ ಪಟ್ಟಿ. ತಯಾರಕರು ಗುಜರಿಗೆ ಹಾಕಿದ ಭಾಗಗಳ ನಂಬರುಗಳಂತೆ, ಇಂಟರ್ನೆಟ್ಟಿಲ್ಲದೆಯೂ ಅವನ ಬಳಿ ಇರುತ್ತದಂತೆ. ಕೊನೆಯಲ್ಲಿ ನಲವತ್ತೊಂದು ಇದ್ದ ನಮ್ಮ ನಂಬರಿನ ಮೇಲೆ ಅವನ ಬೆರಳು ನಿಂತಿತು.

"ಆರು ವರ್ಷದ ಹಿಂದೆ ಒಂದು ಹಳೇ ವಿಮಾನ ಬಿಚ್ಚಿದಾಗ ತೆಗೆದದ್ದು. ಒಳಗಡೆ ಬಿರುಕಿದೆ, ಪುಡಿ ಮಾಡಿ ಅಂತ ಬರೆದಿದೆ. ಯಾರೋ ಗುಜರಿಯಿಂದ ಎತ್ತಿ, ತೊಳೆದು, ಹೊಳಪು ಕೊಟ್ಟು ಮಾರಿದಾರೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಇದರ ಕೆಳಗಿರೋದನ್ನ ನೋಡಿ, ಅದೂ ಹಾಗೇ."

ಕೆಳಗಿನ ಸಾಲಿನಲ್ಲಿ ನಲವತ್ತೆರಡು ಇತ್ತು. ಆ ನಂಬರನ್ನು ನನ್ನ ಕೈಯಾರೆ ಬರೆದಿದ್ದೆ, ಮೆಹ್ರ್ ಕಳೆದ ಮೇಲೆ, ಆಬಾನ್ ತಿಂಗಳ ಮೊದಲ ವಾರ, ಪಕ್ಕದಲ್ಲಿ 'ಹಳೆಯ ದಾಸ್ತಾನು' ಎಂದು.

"ಬಿರುಕು ಬಾಯಿಬಿಟ್ರೆ ಏನಾಗುತ್ತೆ?"

"ಎಣ್ಣೆ ಇಂಜಿನ್ನಿನ ಬಿಸಿ ಭಾಗದ ಮೇಲೆ ಬೀಳುತ್ತೆ. ಬೆಂಕಿ," ಎಂದ. "ಇದರ ಜೋಡಿ ಈಗ ಎಲ್ಲಿದೆ?"

ನಾನು ಕೈ ತೋರಿಸಿದೆ. ಸರಕಿನ ಬಾಗಿಲಿನಿಂದಲೇ ಅದು ಕಾಣುತ್ತಿತ್ತು. ನಾಲ್ಕು ಗಂಟೆಗೆ ಮಶ್‌ಹದ್‌ಗೆ ಹೊರಡುವ ನಮ್ಮ ವಿಮಾನ. ಸಾಮಾನಿನ ಗಾಡಿಗಳು ಆಗಲೇ ಅದರ ಹೊಟ್ಟೆಯ ಕೆಳಗೆ ನಿಂತಿದ್ದವು. ಗಡಿಯಾರ ಎರಡೂ ಐವತ್ತು ತೋರಿಸುತ್ತಿತ್ತು.

ವಾಪಸು ಓಡುತ್ತ ಓಡುತ್ತಲೇ ಕಾಮ್ಯಾರ್‌ಗೆ ಫೋನು ಹಚ್ಚಿದೆ. ಅವನಿಗೆ ಯಾರೋ ಮೋಸ ಮಾಡಿದ್ದಾರೆ, ನನ್ನ ಮಗುವಿಗೆ ಏನೂ ಗೊತ್ತಿಲ್ಲ, ಕೇಳಿದ ಕೂಡಲೇ ತಲೆ ಚಚ್ಚಿಕೊಳ್ಳುತ್ತಾನೆ. ಹಾಗೆಂದೇ ನಂಬಿದ್ದೆ.

"ಏನಕ್ಕಾ, ಈ ಹೊತ್ತಲ್ಲಿ?"

"ಮೆಹ್ರ್ ತಿಂಗಳಲ್ಲಿ ಕೊಟ್ಟೆಯಲ್ಲ, ಅವಳಿ ಮಕ್ಕಳ ಅಂಗಿ. ಅದು ಹೊಸದಾ, ಯಾರಾದ್ರೂ ಹಾಕಿ ಬಿಟ್ಟಿದ್ದಾ?"

ಅವನ ಅಂಗಡಿಯಲ್ಲಿ ಹಾಕಿದ್ದ ಹಾಡು ಕೇಳುತ್ತಿತ್ತು, ಆಮೇಲೆ ಅದು ನಿಂತಿತು.

"ನೀನೀಗ ಎಲ್ಲಿದೀಯಾ, ಅಕ್ಕ?"

"ನಿಲ್ದಾಣದಲ್ಲಿ."

"ಮಶ್‌ಹದ್‌ಗೆ ಹರಕೆ ತೀರಿಸೋಕೆ ಹೋಗ್ತೀನಿ ಅಂದಿದ್ದೆ. ಇವತ್ತಾ? ವಿಮಾನ ಹತ್ತಬೇಡ. ನನ್ನಾಣೆ, ಬಸ್ಸಲ್ಲಿ ಹೋಗು."

ನಾನು ಓಡುವುದನ್ನು ನಿಲ್ಲಿಸಿದೆ.

"ಅದ್ರಲ್ಲಿ ನೂರಾ ಮೂವತ್ತು ಜನ ಹತ್ತುತ್ತಾರೆ, ಕಾಮ್ಯಾರ್."

"ನನಗೆ ಅವರ್ಯಾರೂ ಗೊತ್ತಿಲ್ಲ. ನೀನು ಹತ್ತಬೇಡ, ಅಷ್ಟೆ."

"ಇಂಥದ್ದನ್ನ ಇನ್ನೆಲ್ಲಿಗೆ ಕೊಟ್ಟಿದೀಯಾ?"

"ಒಳ್ಳೇದು ಸಿಗಲ್ಲ ಅಕ್ಕ, ಯಾರೂ ನಮಗೆ ಮಾರಲ್ಲ. ಸಿಕ್ಕಿದ್ದನ್ನ ಎಲ್ರೂ ಕೊಡ್ತಾರೆ, ನಾನೂ ಕೊಟ್ಟೆ. ನಾನಿಲ್ದೆ ಇದ್ರೆ ನಿಮ್ಮ ವಿಮಾನ ಯಾವತ್ತೋ ಮೂಲೆಗೆ ಬೀಳ್ತಿತ್ತು."

"ಎಲ್ಲಿಗೆ ಕೊಟ್ಟಿದೀಯಾ ಅಂತ ಕೇಳ್ದೆ."

ಫೋನು ಕಟ್ಟಾಯಿತು. ಮತ್ತೆ ಹಚ್ಚಿದೆ, ಎತ್ತಲಿಲ್ಲ.

ಮೊಹಂದೆಸ್ ಅದೇ ಜಾಗದಲ್ಲಿ, ಅದೇ ತಟ್ಟೆಯ ಮುಂದೆ ಕೂತಿದ್ದರು. ನಾಲ್ಕು ಮಾತಿನಲ್ಲಿ ಹೇಳಿದೆ. ಅವರ ಬಗ್ಗೆ ಎಷ್ಟು ಕೋಪವಿದ್ದರೂ ಇದೊಂದನ್ನು ಹೇಳಲೇಬೇಕು: ಒಂದು ಪ್ರಶ್ನೆಯನ್ನೂ ಕೇಳದೆ ವಾಕಿಟಾಕಿ ಎತ್ತಿದರು. "ಮಶ್‌ಹದ್ ವಿಮಾನ ನಿಲ್ಲಿಸಿ. ಯಾರನ್ನೂ ಹತ್ತಿಸಬೇಡಿ. ನನ್ನ ಮಾತು." ಆಮೇಲೆ ಹೊಜ್ಜತ್‌ನನ್ನು ಎಡಗಡೆಯ ಇಂಜಿನ್ನಿನ ಕವಚ ಬಿಚ್ಚಲು ಅಟ್ಟಿದರು. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿದರು.

"ಧೂಳಿನ ಗಾಳಿ ಅಂತ ಬರೆದ್ಬಿಡೋಣ, ತೂರಾನ್ ಖಾನುಂ. ಗಾಳಿ ಹೇಗೂ ಇದೆ. ವಾಲ್ವನ್ನ ನಾನೇ ಸುತ್ತಿಗೇಲಿ ಪುಡಿ ಮಾಡ್ತೀನಿ. ಹೆಸರು ಬೇಡ. ಹೆಸರು ಬಂದ್ರೆ ಅವನನ್ನ ಅಮೆರಿಕದವರೂ ಹುಡುಕ್ತಾರೆ, ನಮ್ಮವರೂ ಹುಡುಕ್ತಾರೆ. ಭೂಮಿ ಮೇಲೆ ಅವನಿಗೆ ನಿಲ್ಲೋಕೆ ಜಾಗ ಇರಲ್ಲ. ನೀವೂ ಉಳಿಯಲ್ಲ. ದಾಸ್ತಾನು ಬರೆದಿರೋದು ನಿಮ್ಮ ಕೈ."

"ಅವನು ನಮಗೊಬ್ಬರಿಗೇ ಕೊಟ್ಟಿದಾನೆ ಅಂದ್ಕೊಂಡ್ರಾ, ಮೊಹಂದೆಸ್?"

ಅವರು ವಾಕಿಟಾಕಿಯನ್ನು ಕೆಳಗಿಟ್ಟರು.

"ಆಹ್ವಾಜ್‌ನ ಕಂಪನಿಗೆ ಕೊಟ್ಟಿರಬಹುದು. ತಬ್ರೀಜ್‌ಗೆ ಕೊಟ್ಟಿರಬಹುದು. ಈಗ ಈ ಹೊತ್ತಲ್ಲಿ ಎಷ್ಟು ವಿಮಾನ ಮೇಲಿದಾವೆ? ಅವನ ಹೆಸರು ಹೇಳದೆ ಅವನು ಮಾರಿದ್ದನ್ನೆಲ್ಲ ಹುಡುಕೋದು ಹೇಗೆ?"

"ನೀವು ಸಾಕಿದ ಮಗು ಅದು, ಖಾನುಂ," ಎಂದರು. "ಇವತ್ತು ಒಂದಿನ ಬಿಡಿ. ನಾಳೆ ಯೋಚನೆ ಮಾಡೋಣ."

ಬಿಡಬೇಕೆಂದು ನನ್ನ ಕರುಳು ಕೂಗುತ್ತಿತ್ತು. ಮೂರು ವರ್ಷದ ಹುಡುಗ ಅಮ್ಮನ ಹಾಸಿಗೆಯ ಪಕ್ಕ ನಿಂತು ನನ್ನ ಲಂಗ ಹಿಡಿದುಕೊಂಡದ್ದು ಕಣ್ಣ ಮುಂದೆ ಬಂತು. ಅದೇ ಬಾಯಿ ಈಗ 'ಅವರ್ಯಾರೂ ಗೊತ್ತಿಲ್ಲ' ಎಂದಿತ್ತು. ಅವನಿಗೆ ಉಣ್ಣಲು ಕಲಿಸಿದೆ, ಓದಲು ಕಲಿಸಿದೆ, ಯಾವುದನ್ನು ಕಲಿಸಲು ಬಿಟ್ಟೆ ಎಂದು ಯೋಚಿಸುತ್ತ, ಗೋಡೆಯ ಮೇಲಿನ ಫೋನನ್ನು ಎತ್ತಿ ಭದ್ರತಾ ಕಚೇರಿಯ ನಂಬರು ಒತ್ತಿದೆ. ಮೊಹಂದೆಸ್ ತಡೆಯಲು ಕೈ ಚಾಚಿದರು, ಅರ್ಧದಲ್ಲೇ ಇಳಿಸಿದರು.

ಆ ಕಡೆ ಇದ್ದವನು ಎಳೆಯ ದನಿಯವನು, ಅವಸರವಿಲ್ಲದೆ ಬರೆದುಕೊಳ್ಳುತ್ತಿದ್ದ. ಭಾಗದ ನಂಬರು ಕೇಳಿದ, ಹೇಳಿದೆ. ದಾಖಲೆಯಲ್ಲಿ ಬರೆದವರು ಯಾರು ಎಂದು ಕೇಳಿದ, ನಾನೇ ಎಂದೆ. ತಂದವನ ಹೆಸರು ಕೇಳಿದ. ಕಾಮ್ಯಾರ್ ಎಂದೆ, ಮನೆತನದ ಹೆಸರನ್ನೂ ಹೇಳಿದೆ.

"ಎಲ್ಲಿರ್ತಾನೆ?"

ಶಾರ್ಜಾದ ಅಂಗಡಿಯ ವಿಳಾಸ ಹೇಳಿದೆ. ಪ್ರತಿ ಹೊಸವರ್ಷದ ನೌರೂಜ್‌ಗೆ ಆ ವಿಳಾಸಕ್ಕೆ ನಾನೇ ಖರ್ಜೂರದ ಕೊಲೊಂಪೆ ಬಿಸ್ಕತ್ತು ಸುಟ್ಟು, ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೆ, ಬಾಯಿಪಾಠವಾಗಿತ್ತು.

"ತಂದೆಯ ಹೆಸರು?"

ನನ್ನ ತಂದೆಯ ಹೆಸರನ್ನು ಹೇಳಿದೆ.